ಮಳೆಯ ಗೆರೆ ದಾಟದ ಹಕ್ಕಿಗಳು

ಹಾಸನ ಜಿಲ್ಲೆಯ ಭೂಪಟದ ಮೇಲೆ ಆಲೂರಿನಿಂದ ಬಿಸಲೆಗೆ ನೇರವಾಗಿ ಒಂದು ಗೆರೆ ಎಳೆದರೆ ಅದರ ಉದ್ದ ಐವತ್ತು ಕಿಲೋಮೀಟರಿಗೂ ಕಡಿಮೆ. ಈ ಅಲ್ಪ ಅಂತರದಲ್ಲಿ ಮಳೆಯ ಪ್ರಮಾಣ ಹಲವು ಪಟ್ಟು ಏರುತ್ತದೆ. ಆಲೂಗೆಡ್ಡೆ, ಜೋಳ, ಶುಂಠಿ ಬೆಳೆವ ಅರೆಮಲೆನಾಡಿನ ಹೊಲಗಳು ಹಿಂದುಳಿದು, ಸಕಲೇಶಪುರದಲ್ಲಿ ಹೇಮಾವತಿಯ ಸೇತುವೆ ದಾಟಿದೊಡನೆ ಕಾಫಿ ತೋಟಗಳ ನೆರಳು ದಟ್ಟವಾಗುತ್ತ, ಹೆತ್ತೂರು, ವಣಗೂರುಗಳನ್ನು ಕಳೆದು ಘಟ್ಟದ ನೆತ್ತಿಯನ್ನು ಮುಟ್ಟುವ ಹೊತ್ತಿಗೆ, ನಡುಹಗಲಿನಲ್ಲಿಯೂ ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣದ ಅರಣ್ಯ ಎದುರಾಗುತ್ತದೆ. ಆ ನೆತ್ತಿಯ ಮೂಡಣ ಇಳಿಜಾರಿನಲ್ಲಿ ಬಿದ್ದ ಹನಿ ಹೇಮಾವತಿಯನ್ನು ಸೇರಿ ಕಾವೇರಿಯ ಮೂಲಕ ಬಂಗಾಳಕೊಲ್ಲಿಗೆ ಹರಿಯುವುದು. ಪಡುವಣ ಇಳಿಜಾರಿನದು ಕೆಂಪುಹೊಳೆ, ಕುಮಾರಧಾರೆಗಳ ಹಾದಿ ಹಿಡಿದು ನೇತ್ರಾವತಿಯನ್ನು ಕೂಡಿ ಅರಬ್ಬೀ ಸಮುದ್ರಕ್ಕೆ ಇಳಿಯುವುದು. ನೀರಿನ ಈ ಇಬ್ಭಾಗವನ್ನು ಊರಿನ ಶಾಲಾಬಾಲಕರೂ ಬಲ್ಲರು. ಆದರೆ ಇದೇ ನೆಲದ ಮೇಲೆ ಹಕ್ಕಿಗಳು ತಮ್ಮದೇ ಆದ ಮತ್ತೊಂದು ಗಡಿಯನ್ನು ಎಳೆದುಕೊಂಡಿರುವುದೂ, ಆ ಗಡಿ ಪೂರ್ವಕ್ಕೆ ಎಷ್ಟು ದೂರ ಚಾಚಬಹುದೆಂಬುದನ್ನು ನೂರೈವತ್ತು ವರ್ಷಗಳಿಂದ ಬಹುಮಟ್ಟಿಗೆ ಕಾಫಿ ಬೆಳೆಗಾರರೇ ನಿರ್ಧರಿಸುತ್ತ ಬಂದಿರುವುದೂ ಸಲ್ಲಬೇಕಾದಷ್ಟು ಲಕ್ಷ್ಯಕ್ಕೆ ಬಂದಂತಿಲ್ಲ.

ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ಸಮೀಪದವರೆಗೆ ಸುಮಾರು 1600 ಕಿಲೋಮೀಟರು ಹಬ್ಬಿರುವ ಪಶ್ಚಿಮಘಟ್ಟವನ್ನೂ ಅದರ ಆಸುಪಾಸನ್ನೂ ಬಿಟ್ಟರೆ ಲೋಕದಲ್ಲಿ ಬೇರೆಲ್ಲಿಯೂ ನೆಲೆಯಿಲ್ಲದ ಹಕ್ಕಿಗಳನ್ನು ಶಾಸ್ತ್ರಜ್ಞರು ಸ್ಥಾನಿಕ ಪಕ್ಷಿಗಳೆಂದು ಕರೆಯುವರು. ಇವುಗಳ ಎಣಿಕೆ ವರ್ಗೀಕರಣಕಾರರ ಮತಭೇದಕ್ಕೆ ಅನುಸಾರವಾಗಿ ಹಿಗ್ಗುವುದೂ ಕುಗ್ಗುವುದೂ ಉಂಟು. ಅವುಗಳಲ್ಲಿ ಕೆಲವು ನೀಲಗಿರಿ, ಆನೆಮಲೆಗಳಂಥ ಎತ್ತರದ ಶೋಲಾ ಕಾಡುಗಳಿಗೆ ಮಾತ್ರ ಮೀಸಲು. 2017ರಲ್ಲಿ ತಮಗಾಗಿಯೇ ಒಂದು ಹೊಸ ಕುಲನಾಮವನ್ನು ಪಡೆದ ಶೋಲಾಕಿಳಿಗಳು ಅಂಥವು. ಬಾಬಾಬುಡನ್‌ಗಿರಿಯಂಥ ಎತ್ತರಗಳಲ್ಲದೆ ನಮ್ಮ ಜಿಲ್ಲೆಯ ತಗ್ಗು ಬೆಟ್ಟಗಳು ಅವುಗಳಿಗೆ ಒಗ್ಗವು. ಸಕಲೇಶಪುರದ ಸೀಮೆಗೆ ಒದಗಿದ ಪರಿವಾರ ಬೇರೆಯದು: ಬೂದುಮಂಗಟ್ಟೆ, ನೀಲಿರೆಕ್ಕೆಯ ಮಲೆಗಿಳಿ, ಬಿಳಿಗೆನ್ನೆಯ ಕುಟುರ, ಕೆಂಪುಮೊಗದ ಕುಟುರ, ನೀಲಗಿರಿಯ ಮರಪಾರಿವಾಳ, ಕೆಂಪುಕೊರಳಿನ ಪಿಕಳಾರ, ಬೂದುತಲೆಯ ಪಿಕಳಾರ, ಬಿಳಿಹೊಟ್ಟೆಯ ಮಟಪಕ್ಷಿ, ವಯನಾಡಿನ ನಗೆಮಲ್ಲ, ಕೆಂಗಂದು ಹರಟೆಮಲ್ಲ, ಕೆಂಪುಬೆನ್ನಿನ ಸೂರಕ್ಕಿ. ಇವುಗಳ ಬಂಧುಬಳಗದ ಕೆಲವರು ಪೂರ್ವ ಹಿಮಾಲಯದಲ್ಲಿಯೂ ಅಸ್ಸಾಮಿನ ಮಳೆಗಾಡುಗಳಲ್ಲಿಯೂ ಬಾಳುತ್ತಿದ್ದು, ನಡುವಣ ಶುಷ್ಕ ಪ್ರಸ್ಥಭೂಮಿಯಲ್ಲಿ ಎಲ್ಲಿಯೂ ಕಾಣಬಾರದಿರುವುದು ವಿಚಾರವಂತರನ್ನು ಬಹುಕಾಲ ಕಾಡಿದ ಪ್ರಶ್ನೆ. ಹೊಳೆಯ ಮೀನುಗಳನ್ನು ಅಭ್ಯಾಸ ಮಾಡುತ್ತಿದ್ದ ಸುಂದರ್‌ಲಾಲ್ ಹೋರಾ ಅವರು, ಒಂದಾನೊಂದು ಆರ್ದ್ರಯುಗದಲ್ಲಿ ಸಾತ್ಪುರದ ಬೆಟ್ಟಸಾಲು ಸೇತುವಾಗಿ ನಿಂತು ಜೀವಿಗಳನ್ನು ದಕ್ಷಿಣಕ್ಕೆ ದಾಟಿಸಿತೆಂದು ವಾದಿಸಿದರು. ಆ ವಾದ ಎಲ್ಲರಿಗೂ ಸಮ್ಮತವಾಗಿಲ್ಲ. ಆದರೂ ಮಳೆ ಹಿಂಜರಿದಂತೆ ಕಾಡು ಹಿಂಜರಿದು, ಕಾಡಿನೊಡನೆ ಹಿಂಜರಿದ ಹಕ್ಕಿಗಳು ಈ ಬೆಟ್ಟಸಾಲಿನಲ್ಲಿ ಬೇರೆಯಾಗಿಯೇ ಬೆಳೆದುಬಂದುವೆಂಬ ಮಾತಿನಲ್ಲಿ ಬಲವಾದ ತಥ್ಯವಿದೆ.

ಇವುಗಳಲ್ಲಿ ಹಲವಕ್ಕೆ ಶಾಸ್ತ್ರೀಯ ನಾಮಕರಣ ಮಾಡಿದವರು ಕಂಪನಿ ಸರ್ಕಾರದ ಸೈನ್ಯದಲ್ಲಿಯೂ ವೈದ್ಯಶಾಖೆಯಲ್ಲಿಯೂ ಇದ್ದ ಆಂಗ್ಲರು. ಮರಪಾರಿವಾಳವನ್ನೂ ಕೆಂಪುಬೆನ್ನಿನ ಸೂರಕ್ಕಿಯನ್ನೂ 1832ರಲ್ಲಿ ಸೈಕ್ಸ್ ಎಂಬ ಸೇನಾಧಿಕಾರಿ ವರ್ಣಿಸಿದನು. ನಗೆಮಲ್ಲ, ಹರಟೆಮಲ್ಲ, ಬೂದುತಲೆಯ ಪಿಕಳಾರಗಳನ್ನು 1839ರ ವೇಳೆಗೆ ಮದರಾಸಿನ ಸೈನ್ಯವೈದ್ಯನಾಗಿದ್ದ ಜೆರ್ಡನ್ ಲೋಕದ ಮುಂದಿಟ್ಟನು. ನೂರು ವರ್ಷ ಕಳೆದ ಮೇಲೆ, 1939–40ರಲ್ಲಿ, ಸಾಲಿಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೇಕ್ಷಣೆಯನ್ನು ಕೈಗೊಂಡು ಅದರ ಫಲವನ್ನು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಆದರೆ ಮಲೆನಾಡಿನ ಕನ್ನಡಿಗನು ತನ್ನ ತೋಟದ ಹಕ್ಕಿಯನ್ನು ತನ್ನ ಭಾಷೆಯಲ್ಲಿಯೇ ಓದುವಂತಾದದ್ದು ನೆರೆಯ ಮೂಡಿಗೆರೆಯಲ್ಲಿ ಸ್ವತಃ ಕಾಫಿ ಬೆಳೆಯುತ್ತಿದ್ದ ಪೂರ್ಣಚಂದ್ರ ತೇಜಸ್ವಿಯವರಿಂದ. ಅವರ ‘ಹಕ್ಕಿಪುಕ್ಕ’ವನ್ನು ಕೈಯಲ್ಲಿ ಹಿಡಿದು ತೋಟದ ಓಣಿಗಳಲ್ಲಿ ಕತ್ತೆತ್ತಿ ನಡೆದ ತರುಣರ ಒಂದು ಪೀಳಿಗೆಯೇ ಈ ಸೀಮೆಯಲ್ಲಿ ಉಂಟು.

ಈ ಪರಿವಾರದಲ್ಲಿ ಅಗ್ರಸ್ಥಾನ ಬೂದುಮಂಗಟ್ಟೆಗೆ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ. ಬಿಸಲೆಯ ಕಾಡಿನ ದೊಡ್ಡ ಮಂಗಟ್ಟೆಯಂತೆ ಕೊಕ್ಕಿನ ಮೇಲೆ ಕೊಂಬಿನ ಕಿರೀಟ ಇದಕ್ಕಿಲ್ಲ; ಒಂದೂವರೆ ಅಡಿಯ ಬೂದು ದೇಹ, ಕಣ್ಣಿನ ಮೇಲೆ ಹಾದ ಮಾಸಲು ಬಿಳಿಯ ಪಟ್ಟೆ, ಬಾಗಿದ ಕೊಕ್ಕು. ಗಂಡಿನ ಕೊಕ್ಕು ಕಿತ್ತಳೆ ಬಣ್ಣದ್ದಾದರೆ ಹೆಣ್ಣಿನದು ಹಳದಿ, ಕೆಳಕೊಕ್ಕಿನ ಬುಡದಲ್ಲಿ ಕಪ್ಪು. ಕಣ್ಣಿಗೆ ಬೀಳುವ ಮುನ್ನವೇ ಕಿವಿಗೆ ಬೀಳುವ ಹಕ್ಕಿಯಿದು. ಹಣ್ಣು ತುಂಬಿದ ಬಸರಿಮರದ ನೆತ್ತಿಯಿಂದ ಹೊಮ್ಮುವ ಇದರ ಒಡಕು ದನಿಯ ಅಟ್ಟಹಾಸವನ್ನು ಒಮ್ಮೆ ಕೇಳಿದವನು ಮರೆಯಲಾರ. ಕಾಫಿ ಕುಯ್ಲು ಮುಗಿಯುತ್ತ ಬಂದು ಕಣದಲ್ಲಿ ಹಣ್ಣು ಒಣಗುತ್ತಿರುವ ದಿನಗಳಲ್ಲಿಯೇ ಇದರ ದಾಂಪತ್ಯಜೀವನ ಗಂಭೀರ ಸ್ವರೂಪ ತಾಳುತ್ತದೆ. ಹಳೆಯ ಮರದ ಪೊಟರೆಯೊಂದನ್ನು ಹೊಕ್ಕ ಹೆಣ್ಣು ತನ್ನ ಹಿಕ್ಕೆಯನ್ನೇ ಗಾರೆಯಾಗಿಸಿ ಬಾಯಿಯನ್ನು ಒಳಗಿನಿಂದ ಮುಚ್ಚಿಕೊಂಡು, ದೇವಸ್ಥಾನದ ಹುಂಡಿಗಿರುವಂಥ ಒಂದು ಸೀಳನ್ನು ಮಾತ್ರ ಉಳಿಸುವುದು. ಅಲ್ಲಿಂದ ಸುಮಾರು ಮೂರು ತಿಂಗಳು, ಮೊಟ್ಟೆಯಿಟ್ಟು, ಕಾವು ಕೊಟ್ಟು, ಮರಿಗಳು ರೆಕ್ಕೆ ಬಲಿಯುವವರೆಗೆ, ಆ ಕುಟುಂಬಕ್ಕೆ ಹೊರಲೋಕವೆಂದರೆ ಆ ಸೀಳಿನ ಆಚೆ ತೋರುವ ಗಂಡಿನ ಕೊಕ್ಕು.

ಗಂಡು ಬರುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಪೊಟರೆಗೆ ನೇರವಾಗಿ ಹಾರಿ ಬರದೆ, ಮೊದಲು ಸಮೀಪದ ಒಂದು ಮರೆಯ ಕೊಂಬೆಯಲ್ಲಿ ಕುಳಿತು ಸುತ್ತಮುತ್ತ ಪರಾಂಬರಿಸಿ, ಅಪಾಯವಿಲ್ಲವೆಂದು ನಿಶ್ಚಯಿಸಿಕೊಂಡ ಮೇಲೆ ಕಾಂಡಕ್ಕೆ ಆತುಕೊಳ್ಳುವುದು. ಬರಿಗೊಕ್ಕಿನಲ್ಲಿ ಬಂದಂತೆ ತೋರಿದರೂ ಕತ್ತನ್ನು ಒಂದು ಸಲ ಕುಲುಕಿ ಗಂಟಲಿನಿಂದ ಒಂದು ಅತ್ತಿಹಣ್ಣನ್ನು ಕೊಕ್ಕಿನ ತುದಿಗೆ ತಂದು ಸೀಳಿನೊಳಗೆ ನೀಡುವುದು. ಮತ್ತೆ ಕುಲುಕುವುದು, ಮತ್ತೊಂದು ಹಣ್ಣು. ಹೀಗೆ ಗಂಟಲಿನ ದಾಸ್ತಾನು ತೀರುವವರೆಗೆ ಒಂದೊಂದಾಗಿ, ಎಲ್ಲಿಯೂ ಅವಸರವಿಲ್ಲದೆ ಕೊಟ್ಟು ಹಾರಿಹೋಗುವುದು. ಮರಿಗಳು ಒಡೆದ ಮೇಲೆ ಹಣ್ಣಿನ ಜೊತೆಗೆ ಓತಿಕ್ಯಾತ, ಜೀರುಂಡೆಗಳೂ ಬರುವುವು. ಮರದ ಬುಡದಲ್ಲಿ ಉಗುಳಿದ ಬೀಜಗಳು ರಾಶಿಬಿದ್ದು, ಮೊದಲ ಹೂಮಳೆಗೆ ಕೆಲವು ಮೊಳೆತೂ ಇರುವುದರಿಂದ, ಗೂಡನ್ನು ಹುಡುಕುವ ಜಾಣರು ಮೇಲೆ ನೋಡುವ ಮೊದಲು ನೆಲವನ್ನು ನೋಡುವರು. ಇಷ್ಟು ದೀರ್ಘವಾದ, ಇಷ್ಟು ನಿರ್ಬಲವಾದ ಅವಲಂಬನೆಯಲ್ಲಿ ಎರಡು ವಸ್ತುಗಳು ತಪ್ಪುವಂತಿಲ್ಲ: ಪೊಟರೆ ಬೀಳುವಷ್ಟು ವಯಸ್ಸಾದ ಮರ, ಮತ್ತು ಬೇಸಗೆಯಲ್ಲಿಯೂ ಹಣ್ಣು ಕೊಡುವ ಗೋಣಿ, ಅತ್ತಿ, ಬಸರಿಗಳು. ಎರಡೂ ವಿರಳವಾಗುತ್ತಿರುವುದರ ಫಲವಾಗಿ, ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದುವರೆಗೆ ನಿಶ್ಚಿಂತವೆನಿಸಿದ್ದ ಈ ಹಕ್ಕಿ 2020ರಲ್ಲಿ ಅಪಾಯಕ್ಕೆ ಈಡಾದ ಪ್ರಭೇದಗಳ ಸಾಲಿಗೆ ಸೇರಿತು.

ಮೇಲೆ ಹೇಳಿದ ಗಡಿಯ ಮಾತಿಗೆ ಬರೋಣ. ಈ ಹಕ್ಕಿಗಳೆಲ್ಲವೂ ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಕಾಫಿತೋಟದ ನಿತ್ಯಗಾಯಕನಾದ ಬಿಳಿಗೆನ್ನೆಯ ಕುಟುರ ಎಲ್ಲರಿಗಿಂತ ಧಾರಾಳಿ. ‘ಕುಟ್ರೂ ಕುಟ್ರೂ’ ಎಂಬ ಅದರ ಕೂಗು ಬಿಸಲೆಯಲ್ಲಿಯೂ ಕೇಳುವುದು, ಆಲೂರಿನ ಊರ ಮುಂದಣ ಅರಳಿಯಲ್ಲಿಯೂ ಕೇಳುವುದು, ಅಷ್ಟೇಕೆ, ಬೆಂಗಳೂರಿನ ಲಾಲ್‌ಬಾಗಿನವರೆಗೂ ಅದು ಹೋಗಿದೆ. ಒಣಗಿದ ಕೊಂಬೆಯೊಂದು ಸಿಕ್ಕರೆ ಅದರಲ್ಲಿ ತಾನೇ ರಂಧ್ರ ಕೊರೆದುಕೊಳ್ಳುವ ಸಾಮರ್ಥ್ಯವಿರುವುದರಿಂದ ಅದಕ್ಕೆ ಪರಾಶ್ರಯವಿಲ್ಲ. ಅದು ಬಿಟ್ಟುಹೋದ ರಂಧ್ರಗಳಲ್ಲಿ ಮಲೆಗಿಳಿಯಂಥ ಇತರರು ಸಂಸಾರ ಹೂಡುವರು. ಮಂಗಟ್ಟೆ, ಮಲೆಗಿಳಿ, ಕೆಂಪುಬೆನ್ನಿನ ಸೂರಕ್ಕಿಗಳು ನೆರಳು ದಟ್ಟವಾಗಿರುವ ತೋಟಗಳ ಅಂಚಿನವರೆಗೆ ಬರುವುವು. ಹಾಲವಾಣದ ಮರ ಎಲೆಯುದುರಿಸಿ ಕೆಂಪು ಹೂ ತಳೆದಾಗ, ನೀಲಿರೆಕ್ಕೆಯ ಗಿಳಿಗಳ ಗುಂಪು ಮೇಲಿನ ಕೊಂಬೆಗಳಲ್ಲಿಯೂ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಸೂರಕ್ಕಿಗಳು ಕೆಳಗೂ ಮಕರಂದಕ್ಕಾಗಿ ನೆರೆದ ದೃಶ್ಯವನ್ನು ತೋಟದ ಆಳುಗಳು ಪ್ರತಿವರ್ಷವೂ ಕಾಣುವರು. ಬಿಳಿಹೊಟ್ಟೆಯ ಮಟಪಕ್ಷಿ ಇನ್ನೂ ಸಂಕೋಚದ್ದು; ಭೀಮರಾಜನ ಹಿಂಡಿನೊಡನೆ ಕೂಡಿ ಕಾಡಂಚಿನ ತೋಟಕ್ಕೆ ಬಂದರೂ ಅಲ್ಲಿ ಬಹಳ ಹೊತ್ತು ನಿಲ್ಲದು. ನಗೆಮಲ್ಲನೂ, ನೆಲದ ಹತ್ತಿರದ ಮಬ್ಬಿನಲ್ಲಿ ಬಾಳುವ ಬಿಳಿಹೊಟ್ಟೆಯ ನೀಲಿ ನೊಣಹಿಡುಕನೂ ಓಟೆಯ ಮೆಳೆ, ಗುರಿಗೆಯ ಪೊದೆಗಳನ್ನು ಬಿಟ್ಟು ಹೊರಬರಲು ಒಪ್ಪವು. ಅವುಗಳನ್ನು ಕಾಣಬಯಸುವವರು ಬಿಸಲೆ, ಕಾಡುಮನೆಗಳ ಕಡೆಯ ಕಾಡಿಗೆ ಹೋಗಿ, ಇಂಬಳಗಳ ಕಾಟ ಸಹಿಸಿ, ಹಳ್ಳದ ದಡದಲ್ಲಿ ಸದ್ದಿಲ್ಲದೆ ಕಾಯಬೇಕು.

ಅಂಥ ಕಾಡಿನಲ್ಲಿಯೇ ಕಪ್ಪೆಬಾಯಿ ಎಂಬ ಹಕ್ಕಿಯ ವಾಸ. ಸಿಂಹಳದ್ವೀಪದಲ್ಲಿಯೂ ಇರುವುದರಿಂದ ಇದು ಕೇವಲ ಪಶ್ಚಿಮಘಟ್ಟದ ಸ್ವತ್ತಲ್ಲ. ಆದರೂ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸೊಪ್ಪದು. ಹಗಲೆಲ್ಲ ಒಣಗಿದ ಎಲೆಗಳ ನಡುವೆ ಒಣ ಎಲೆಯಾಗಿಯೇ ಕುಳಿತಿರುವ ಈ ನಿಶಾಚರ ತನ್ನ ನವಿರುಗರಿಗಳನ್ನೂ ಕಲ್ಲುಹೂವನ್ನೂ ಬೆಸೆದು, ಒಂದೇ ಒಂದು ಬಿಳಿಯ ಮೊಟ್ಟೆ ಹಿಡಿಯುವಷ್ಟು ಚಿಕ್ಕ ಮೆತ್ತೆಯನ್ನು ಕೊಂಬೆಯ ಮೇಲೆ ಅಂಟಿಸುವುದು. ಹಗಲಿನ ಕಾವು ಗಂಡಿನದು, ಇರುಳಿನದು ಹೆಣ್ಣಿನದು.

ಈಗ ತೋಟದ ನೆರಳಿನ ಚರಿತ್ರೆ. ಸಕಲೇಶಪುರವು ಮಂಜರಾಬಾದ್ ತಾಲ್ಲೂಕೆಂಬ ಹೆಸರಿನಲ್ಲಿದ್ದ ಕಾಲದಲ್ಲಿ, 1850ರ ದಶಕದಲ್ಲಿ, ಇಲ್ಲಿ ನೆಲೆಯೂರಿದ ರಾಬರ್ಟ್ ಎಲಿಯಟ್ ಎಂಬ ತೋಟಗಾರನು 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ನೆರಳಿಗಾಗಿಯೇ ಮೀಸಲಾದ ಅಧ್ಯಾಯವೊಂದಿದೆ. ಆರಂಭದ ಯೂರೋಪಿಯನ್ ತೋಟಗಾರರು ಕಾಡನ್ನು ಬೋಳಿಸಿ ಬಿಸಿಲಿಗೆ ಕಾಫಿ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಹಬ್ಬಿ ತೋಟಗಳು ಹಾಳಾಗತೊಡಗಿದ ಮೇಲೆ, ಮಲೆನಾಡಿನ ರೈತರು ಹಿಂದಿನಿಂದಲೂ ಮರಗಳ ಕೆಳಗೆ ಕಾಫಿ ಬೆಳೆಯುತ್ತಿದ್ದುದರ ಔಚಿತ್ಯ ಅವರಿಗೆ ಮನದಟ್ಟಾಯಿತು. ಯಾವ ಮರ ಒಳ್ಳೆಯ ನೆರಳು, ಯಾವುದು ಕೆಟ್ಟದ್ದು ಎಂದು ಪರೀಕ್ಷಿಸಿ ನೋಡಿ ಎಲಿಯಟ್ ಆಯ್ದುಕೊಂಡವುಗಳಲ್ಲಿ ನಮ್ಮ ಗೋಣಿ, ಬಸರಿಗಳೇ ಪ್ರಧಾನವಾದುವು. ಅವನು ನೋಡಿದ್ದು ಕಾಫಿಯ ಆರೋಗ್ಯವನ್ನು. ಆದರೆ ಅದೇ ಮರಗಳು ಮಂಗಟ್ಟೆಯ, ಮರಪಾರಿವಾಳದ, ಪಿಕಳಾರದ ಅನ್ನವಾದ್ದರಿಂದ, ಘಟ್ಟದಂಚಿನ ಹಕ್ಕಿಗಳಿಗೆ ಆಲೂರಿನ ಕಡೆಗೆ ಹಲವು ಮೈಲಿಗಳ ನೆಲೆ ಉಳಿದುಕೊಂಡಿತು.

ಆ ಉಳಿಕೆ ಭ್ರಮೆಯಲ್ಲವೆಂಬುದಕ್ಕೆ ಈಚಿನ ಸಾಕ್ಷ್ಯವುಂಟು. ಹಾಸನ, ಕೊಡಗು, ಚಿಕ್ಕಮಗಳೂರು ಸೇರಿದ ವಿಶಾಲ ಪ್ರದೇಶದ ಕಾಫಿ, ಅಡಕೆ, ರಬ್ಬರ್ ತೋಟಗಳನ್ನು ಪರಿಶೀಲಿಸಿ ಕೃತಿ ಕಾರಂತ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 204 ಜಾತಿಯ ಹಕ್ಕಿಗಳು ದಾಖಲಾದುವು. ಮೂರರಲ್ಲಿ ಕಾಫಿತೋಟವೇ ಸಂಪನ್ನವೆಂದು ಸಿದ್ಧಪಟ್ಟಿತು. ಆದರೆ ಈ ಸಂಪತ್ತನ್ನು ಹೆಚ್ಚಿಸಿದ ಬೆಳೆಗಾರನ ಕೈಯೇ ಈಗ ಅದನ್ನು ಕರಗಿಸುವಂಥ ಸಂದರ್ಭ ಬಂದಿದೆ, ಮತ್ತು ಅದಕ್ಕೆ ಅವನನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಬಿಸಿಲು ಬಿದ್ದ ಅರೇಬಿಕಾ ಗಿಡವನ್ನು ಬಿಳಿ ಕಾಂಡಕೊರಕ ಇಂದಿಗೂ ಹುಡುಕಿ ಹಿಡಿಯುತ್ತದೆ; ರೋಬಸ್ಟಾಕ್ಕೆ ಆ ಭಯವಿಲ್ಲ, ಅದಕ್ಕೆ ನೆರಳೂ ಕಡಿಮೆ ಸಾಕು. ಹುಳುವಿನಿಂದ ಸೋತ ಕುಟುಂಬ ರೋಬಸ್ಟಾಕ್ಕೆ ತಿರುಗುವುದು, ತಿರುಗಿದ ಮೇಲೆ ಮರಗಳನ್ನು ತೆಳುಗೊಳಿಸುವುದು ಸಹಜ. ಅದರ ಜೊತೆಗೆ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಬೇಗ ಬೆಳೆಯುವುದು. ನೆಟ್ಟಗಿನ ಕಾಂಡಕ್ಕೆ ಕಾಳುಮೆಣಸಿನ ಬಳ್ಳಿ ಚೆನ್ನಾಗಿ ಹಬ್ಬುವುದು. ಮಗಳ ಮದುವೆಗೋ ಮಗನ ಓದಿಗೋ ಹಣ ಬೇಕಾದಾಗ ಕಡಿದು ಮಾರಲು ಕಾಡುಜಾತಿಯ ಮರಗಳಿಗಿರುವಷ್ಟು ಅನುಮತಿಯ ತೊಡಕಿಲ್ಲ. ಅದರ ಹೂವಿಗೆ ಸೂರಕ್ಕಿಗಳು ಬರುವುದು ನಿಜ. ಆದರೆ ಹಣ್ಣಿಲ್ಲ, ಪೊಟರೆಯಿಲ್ಲ. ಸಿಲ್ವರ್ ಓಕ್ ಒಂದೇ ತುಂಬಿದ ತೋಟದಲ್ಲಿ ಮಂಗಟ್ಟೆಯ ಅಟ್ಟಹಾಸ ಕೇಳಬರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ತೋಟದಲ್ಲಿ ಯಾರಿಗೂ ಬೇಡವಾದ ಒಂದು ಸಸ್ಯದ ಪರವಾಗಿಯೂ ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಅನ್ಯರ ಕೊಂಬೆಯ ಮೇಲೆ ಬೇರೂರಿ ರಸ ಹೀರುವ ಬಂದಳಿಕೆಯನ್ನು ಕಂಡಲ್ಲಿ ಕಡಿಯುವುದು ಬೆಳೆಗಾರನ ಧರ್ಮ. ಆದರೆ ನೀಲಗಿರಿಯ ಹೂಕುಟುಕ ಎಂಬ, ಯಾವ ಬಣ್ಣದ ಆಡಂಬರವೂ ಇಲ್ಲದ, ಈ ಬೆಟ್ಟಸಾಲಿನ ಅತ್ಯಂತ ಸಣ್ಣ ಸ್ಥಾನಿಕ ಹಕ್ಕಿಗಳಲ್ಲೊಂದರ ಜೀವನ ಆ ಬಂದಳಿಕೆಯ ಸುತ್ತಲೇ ಹೆಣೆದಿದೆ. ಹಣ್ಣಿನ ತಿರುಳು ಜೀರ್ಣವಾದ ಮೇಲೂ ಬೀಜದ ಅಂಟು ಹೋಗುವುದಿಲ್ಲ. ಅದನ್ನು ಕಳಚಿಕೊಳ್ಳಲು ಹಕ್ಕಿ ಮೈಯನ್ನು ಕೊಂಬೆಗೆ ಉಜ್ಜಬೇಕಾಗುವುದು, ಉಜ್ಜಿದಲ್ಲಿಯೇ ಬೀಜ ಅಂಟಿ ಮೊಳೆಯುವುದು. ಕಾಫಿಯ ನೆರಳಿಗೆ ಹಾನಿಯಾಗದ ಅಂಚಿನ ಮರಗಳಲ್ಲಾದರೂ ನಾಲ್ಕು ಗೊಂಚಲು ಉಳಿಸಿದರೆ ನಷ್ಟವೇನೂ ಹೆಚ್ಚಲ್ಲ.

ತೋಟಗಳ ಮಾತು ಹೀಗಾದರೆ, ಘಟ್ಟದ ಕಾಡಿನದು ಸರ್ಕಾರಗಳ ಕೈಯಲ್ಲಿರುವ ವಿಷಯ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ 57 ಸುರಂಗಗಳ ಮೂಲಕ ಇಳಿವ ರೈಲುದಾರಿ, ಶಿರಾಡಿಯ ಹೆದ್ದಾರಿ ಇವೆರಡೂ ಆಗಲೇ ಕಾಡನ್ನು ಸೀಳಿವೆ. ಗುಂಡ್ಯದಲ್ಲಿ ಉದ್ದೇಶಿಸಿದ್ದ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದು ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿಯೇ ಸ್ಪಷ್ಟವಾಗಿ ಹೇಳಿತು. ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು ಬಯಲುಸೀಮೆಗೆ ಎತ್ತುವ, 24.01 ಟಿಎಂಸಿ ಗುರಿಯ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಕೋಲಾರ, ಚಿಕ್ಕಬಳ್ಳಾಪುರಗಳ ದಾಹ ದೊಡ್ಡದು, ಅದನ್ನು ಹಗುರವಾಗಿ ಕಾಣುವ ಅಧಿಕಾರ ಮಲೆನಾಡಿನವರಿಗಿಲ್ಲ. ಆದರೆ ಕಾಡು ಬಿಟ್ಟು ಬಯಲಿಗೆ ಬಾರದ ನಗೆಮಲ್ಲ, ನೊಣಹಿಡುಕಗಳಿಗೆ ಪೈಪು ಹೂಳಲು ಕಡಿದ ಅಗಲವಾದ ಬೋಳುಪಟ್ಟಿ ಒಂದು ಗೋಡೆಯಾಗುವುದೆಂಬುದನ್ನು ಯೋಜನೆಯ ಲೆಕ್ಕಪತ್ರದಲ್ಲಿ ಎಲ್ಲಿಯಾದರೂ ಬರೆಯಬೇಕಿತ್ತು. ದೇಶದಾದ್ಯಂತ ಹಕ್ಕಿವೀಕ್ಷಕರು ಕಲೆಹಾಕಿದ ದಾಖಲೆಗಳ ಮೇಲೆ ನಿಂತ 2020ರ ಭಾರತೀಯ ಪಕ್ಷಿಗಳ ಸ್ಥಿತಿಗತಿ ವರದಿ, ಪಶ್ಚಿಮಘಟ್ಟದ ಸ್ಥಾನಿಕ ಹಕ್ಕಿಗಳ ಸಮೃದ್ಧಿಯ ಸೂಚ್ಯಂಕ 2000ದಿಂದೀಚೆಗೆ ಹೆಚ್ಚುಕಡಿಮೆ ಮುಕ್ಕಾಲು ಪಾಲು ಇಳಿದಿದೆಯೆಂದು ಹೇಳಿದೆ. ಬೇರೆ ನೆಲೆಯಿಲ್ಲದ ಪ್ರಾಣಿಗಳ ವಿಷಯದಲ್ಲಿ ಈ ಅಂಕಿಯ ಅರ್ಥ ಬೇರೆ. ಇಲ್ಲಿ ಅಳಿದದ್ದು ಇನ್ನೊಂದು ಸೀಮೆಯಿಂದ ಮರಳಿ ಬಂದು ತುಂಬಿಕೊಳ್ಳಲಾರದು.

ಬೆಳೆಗಾರರಲ್ಲಿ ನಾನು ಕೇಳಿಕೊಳ್ಳುವುದು ಅವರ ದಿನಚರಿಯೊಳಗಿನದೇ ಒಂದು ವಿಷಯ. ಮುಂಗಾರಿಗೆ ಮುನ್ನ ನೆರಳುಮರಗಳ ಕೊಂಬೆ ಸವರುವ ಮರಗಸಿಯ ಕೆಲಸ ಮಂಗಟ್ಟೆಯ ಸಂಸಾರ ಪೊಟರೆಯೊಳಗಿರುವ ತಿಂಗಳುಗಳಲ್ಲಿಯೇ ಬೀಳುತ್ತದೆ. ಮರ ಹತ್ತುವ ಆಳುಗಳಿಗೆ ಗೂಡುಗಳು ಗೊತ್ತಿರುತ್ತವೆ, ಆದರೆ ಅವರನ್ನು ಯಾರೂ ಕೇಳುವುದಿಲ್ಲ. ಮಾರ್ಚಿನಲ್ಲಿ ತೋಟದ ಗುಮಾಸ್ತರಾದ ರೈಟರು ಅವರೊಡನೆ ತೋಟ ಸುತ್ತಿ, ಬೀಜದ ರಾಶಿ ಬಿದ್ದ ಮರಗಳ ಬುಡಕ್ಕೆ ಸುಣ್ಣದ ಗುರುತು ಹಾಕಿಸಿ, ಆ ಮರಗಳ ಕಸಿಯನ್ನು ಮಾತ್ರ ಮರಿಗಳು ಹಾರಿಹೋಗುವ ಮೇ ತಿಂಗಳ ಕೊನೆಗೆ ಸರಿಸಬೇಕು. ಒಣಗಿದ ಕೊಂಬೆ ಕೂಲಿಯವರ ಲೈನುಮನೆಗಳ ಮೇಲೋ ದಾರಿಯ ಮೇಲೋ ಬೀಳುವಂತಿಲ್ಲದಿದ್ದರೆ ಅದನ್ನು ಕುಟುರಕ್ಕೆ ಬಿಡಬೇಕು. ಗಾಳಿಗೆ ಬಿದ್ದ ಪ್ರತಿಯೊಂದು ಗೋಣಿಮರದ ಜಾಗದಲ್ಲಿಯೂ ಸಿಲ್ವರ್ ಓಕ್ ಸಸಿಯ ಬದಲು ಗೋಣಿಯದೋ ಬಸರಿಯದೋ ಕೊಂಬೆಯೊಂದನ್ನು ಆ ಮಳೆಗಾಲದಲ್ಲಿಯೇ ನೆಡಿಸಬೇಕು.